ಹ್ಯಾಂಡಲ್ ಅಗಲದ ದಬ್ಬೆ

ಕೊಸಿಮ್‌ನ ಅಂಗಡಿಯಲ್ಲಿ ಅಳತೆಯ ಟೇಪು ಇರಲಿಲ್ಲ.

ಬಾಂಡುಂಗ್ ಪಟ್ಟಣದ ಅಂಚಿಗಿರುವ ಉಜುಂಗ್‌ಬೆರುಂಗ್‌ನ ಒಂದು ಗಲ್ಲಿಯೊಳಗಿನ ಆ ಅಂಗಡಿಯಲ್ಲಿ ವೆಲ್ಡಿಂಗ್ ಯಂತ್ರವಿತ್ತು, ಗ್ರೈಂಡರ್ ಇತ್ತು, ಪೈಪು ಬಗ್ಗಿಸಲು ಅವನೇ ಮಾಡಿಕೊಂಡ ಸನ್ನೆಗೋಲು ಇತ್ತು. ಟೇಪು ಮಾತ್ರ ಇರಲಿಲ್ಲ. ದೂರದ ಪ್ರಯಾಣಕ್ಕೆ ಹೋಗುವ ಬೈಕುಗಳ ಹಿಂಬದಿಗೆ, ಎಡಕ್ಕೊಂದು ಬಲಕ್ಕೊಂದು ಸಾಮಾನಿನ ಪೆಟ್ಟಿಗೆ ಕೂರಿಸಿಕೊಡುವುದು ಅವನ ಕೆಲಸ. ಪೆಟ್ಟಿಗೆಗಳನ್ನು ಗಿರಾಕಿಗಳು ಎಲ್ಲೆಲ್ಲಿಂದಲೋ ಕೊಂಡು ತರುತ್ತಿದ್ದರು. ಅವುಗಳನ್ನು ಹೊರುವ ಕಬ್ಬಿಣದ ಬ್ರಾಕೆಟ್ಟನ್ನು ಅವನು ಆಯಾ ಬೈಕಿಗೆ ತಕ್ಕ ಹಾಗೆ ಬಗ್ಗಿಸಿ, ಬೆಸೆದು, ಬೋಲ್ಟು ಬಿಗಿದು ಕೊಡುತ್ತಿದ್ದ.

ಅಳೆಯುವುದೆಲ್ಲ ಬಿದಿರಿನ ದಬ್ಬೆಯಲ್ಲಿ. ಬೈಕು ಒಳಗೆ ಬಂದ ಕೂಡಲೇ ಹ್ಯಾಂಡಲ್ಲಿನ ಈ ತುದಿಯಿಂದ ಆ ತುದಿಗೆ ಒಂದು ದಬ್ಬೆ ಹಿಡಿದು ಕತ್ತರಿಸುತ್ತಿದ್ದ. ನಟ್ಟನಡುವೆ ಗರಗಸದಿಂದ ಒಂದು ಕಚ್ಚು. ಪಕ್ಕದಲ್ಲಿ ಗಾಡಿಯ ನಂಬರು. ಕೆಲಸ ಮುಗಿದ ಮೇಲೆ ಅದೇ ದಬ್ಬೆಯನ್ನು ಬೈಕಿನ ಹಿಂದೆ, ಕಚ್ಚು ಹಿಂದಿನ ದೀಪದ ಮಧ್ಯಕ್ಕೆ ಬರುವ ಹಾಗೆ ಅಡ್ಡ ಹಿಡಿಯಬೇಕು. ಎರಡು ಪೆಟ್ಟಿಗೆಯೂ ದಬ್ಬೆಯ ತುದಿಗಳ ಒಳಗೇ ಇರಬೇಕು. ಒಂದು ಬೆರಳು ಹೊರಗೆ ಬಂದರೂ ಬ್ರಾಕೆಟ್ ಕತ್ತರಿಸಿ ಮತ್ತೆ ಮೊದಲಿಂದ.

ಕಾರಣ ಸರಳ. ಬೈಕು ಓಡಿಸುವವನಿಗೆ ಬೆನ್ನಲ್ಲಿ ಕಣ್ಣಿಲ್ಲ. ಎರಡು ಲಾರಿಗಳ ನಡುವೆ ನುಗ್ಗುವಾಗ ಅವನು ನೋಡುವುದು ಹ್ಯಾಂಡಲ್ಲಿನ ತುದಿಗಳನ್ನು. ಹ್ಯಾಂಡಲ್ ತೂರಿದರೆ ಗಾಡಿ ತೂರಿತು ಎಂದು ಅವನ ಮೈ ನಂಬಿರುತ್ತದೆ. ಹತ್ತು ವರ್ಷ ಇಪ್ಪತ್ತು ವರ್ಷ ಈ ರಸ್ತೆಗಳಲ್ಲಿ ಓಡಿಸಿದ ಮೈಗೆ ಒಂದು ಮಧ್ಯಾಹ್ನದಲ್ಲಿ ಹೊಸ ಅಗಲ ಕಲಿಸಲು ಆಗುವುದಿಲ್ಲ.

"ಒಂದು ಟೇಪು ಕೊಡಿಸ್ಲೇನಪ್ಪಾ?" ಎಂದು ಬೈಕ್ ಕ್ಲಬ್ಬಿನವರು ಅವನನ್ನು ಆಡಿಕೊಳ್ಳುತ್ತಿದ್ದರು. "ಚಂದಾ ಎತ್ತಿ ಕೊಡಿಸ್ತೀವಿ."

"ಟೇಪಿನಲ್ಲಿ ನಂಬರ್ ಇರುತ್ತೆ," ಎನ್ನುತ್ತಿದ್ದ ಕೊಸಿಮ್. "ನಂಬರ್ ಕಂಡ್ರೆ ನೀವು ಚೌಕಾಸಿ ಶುರು ಮಾಡ್ತೀರ. ಎರಡೇ ಸೆಂಟಿಮೀಟರ್ ತಾನೇ, ಬಿಡು ಅಂತ. ದಬ್ಬೆ ಜೊತೆ ಚೌಕಾಸಿ ನಡೆಯಲ್ಲ."

ಗೋಡೆಯ ಮೊಳೆಗಳಲ್ಲಿ ಅಂಥ ನೂರ ನಲವತ್ತೆರಡು ದಬ್ಬೆಗಳು ನೇತಾಡುತ್ತಿದ್ದವು. ಅವನ್ನು ಅವನಿಗಿಂತ ಹೆಚ್ಚು ಹೊಗಳುತ್ತಿದ್ದವನು ಅವನ ಭಾವ ಓಮಾಯ್. ಮೂವತ್ತೊಂದು ವರ್ಷ ಅಂಚೆ ಹಂಚಿ ನಿವೃತ್ತನಾದ ಮನುಷ್ಯ. ಬೈಕಿನ ಎರಡೂ ಬದಿಗೆ ಕ್ಯಾನ್ವಾಸ್ ಚೀಲ ಇಳಿಬಿಟ್ಟುಕೊಂಡು ಬಾಂಡುಂಗ್‌ನ ಗಲ್ಲಿಗಲ್ಲಿ ತಿರುಗಿದವನು. ಎಲ್ಲಿ ಹೋದರೂ, "ನಮ್ಮ ಕೊಸಿಮ್ ದಬ್ಬೆ ಹಿಡಿದ ಅಂದ್ರೆ ಮುಗೀತು, ಮತ್ತೆ ನೋಡೋದೇ ಬೇಡ," ಎಂದು ಸಾರಿ ಗಿರಾಕಿಗಳನ್ನು ಕಳಿಸುತ್ತಿದ್ದ.

ಓಮಾಯ್‌ನ ಹೆಂಡತಿ ಇಕಾ ಕೊಸಿಮ್‌ನ ಅಕ್ಕ. ಅವ್ವ ಸತ್ತಾಗ ಅವನಿಗೆ ಏಳು, ಅವಳಿಗೆ ಹದಿನಾರು. ಶಾಲೆ ಬಿಟ್ಟು, ಸಂತೆಯ ಬಾಯಲ್ಲಿ ಕರಿದ ತೋಫು ಮಾರಿ ಅವನನ್ನು ಬೆಳೆಸಿದಳು. ಅವನು ಅವಳನ್ನು ತೆತೆ ಎಂದು ಕರೆಯುತ್ತಿದ್ದ, ಅಲ್ಲೆಲ್ಲ ಅಕ್ಕನನ್ನು ಕರೆಯುವ ಹಾಗೆ. ಮೂವತ್ತಾರು ವರ್ಷದಲ್ಲಿ ಅವಳಿಗೆ ಒಂದು ಸಲವೂ 'ಆಗಲ್ಲ' ಅಂದಿರಲಿಲ್ಲ. ಆ ಮಾತು ಬಾಯಿಗೆ ಬಂದರೆ ಎಣ್ಣೆಯ ಬಾಣಲೆ ಮುಂದೆ ಕೂತ ಹದಿನಾರರ ಹುಡುಗಿ ಕಣ್ಣಿಗೆ ಬರುತ್ತಿದ್ದಳು. ಮಾತು ಅಲ್ಲೇ ನಿಲ್ಲುತ್ತಿತ್ತು.

ಇಕಾಳ ಎರಡೂ ಮೂತ್ರಪಿಂಡ ಕೆಟ್ಟು ಮೂರು ವರ್ಷವಾಗಿತ್ತು. ಹೊಟ್ಟೆಗೆ ಒಂದು ಕೊಳವೆ ಹಾಕಿದ್ದರು. ದಿನಕ್ಕೆ ನಾಲ್ಕು ಸಲ, ಎರಡು ಲೀಟರಿನ ಚೀಲ ಎತ್ತರಕ್ಕೆ ತೂಗಿಹಾಕಿ ಔಷಧದ ನೀರನ್ನು ಹೊಟ್ಟೆಗೆ ಇಳಿಸಬೇಕು, ಹಳೆಯ ನೀರನ್ನು ಕೆಳಗಿನ ಚೀಲಕ್ಕೆ ಬಿಡಬೇಕು. ಈಗ ಅದೂ ಸಾಲುತ್ತಿರಲಿಲ್ಲ. ಮುಂದಿನ ತಿಂಗಳ ಒಂದನೇ ತಾರೀಕಿನಿಂದ ವಾರಕ್ಕೆರಡು ದಿನ ಆಸ್ಪತ್ರೆಯ ಯಂತ್ರಕ್ಕೆ ಬರಬೇಕು, ಆಮೇಲೆ ಊರು ಬಿಟ್ಟು ಕದಲುವ ಹಾಗಿಲ್ಲ ಎಂದು ಡಾಕ್ಟರು ಹೇಳಿದರು.

"ಹಾಗಾದ್ರೆ ಅದಕ್ಕೆ ಮುಂಚೆ ಪಂಗಾಂದರಾನ್‌ಗೆ ಹೋಗಿ ಬರ್ತೀನಿ," ಎಂದಳು ಇಕಾ.

ಮದುವೆಯಾದ ಹೊಸದರಲ್ಲಿ ಓಮಾಯ್ ಅವಳಿಗೆ ಪಂಗಾಂದರಾನ್‌ನ ಕಡಲು ತೋರಿಸುತ್ತೇನೆ ಎಂದಿದ್ದ, ಬೈಕಿನಲ್ಲಿ ಕರೆದುಕೊಂಡು ಹೋಗಿ. ಇಪ್ಪತ್ತೇಳು ವರ್ಷ ಅಂಚೆಯೇ ಮುಗಿಯಲಿಲ್ಲ. ನಿವೃತ್ತಿಯ ಹಣದಲ್ಲಿ ಅವನು ಮೊದಲು ಮಾಡಿದ ಕೆಲಸ, ಯಾರೋ ಓಡಿಸಿ ಬಿಟ್ಟ ದೊಡ್ಡ ಬೈಕೊಂದನ್ನು ಕೊಂಡದ್ದು. ಇನ್ನೂರೈವತ್ತು ಸಿಸಿ, ಎತ್ತರದ ಸೀಟು, ಬಲಗಡೆ ಮೇಲಕ್ಕೆ ಎದ್ದುನಿಂತ ದಪ್ಪ ಸೈಲೆನ್ಸರ್. ಕಾರಿನಲ್ಲಿ ಕೂತರೆ ಇಕಾಗೆ ಹತ್ತು ಕಿಲೋಮೀಟರಿಗೇ ವಾಂತಿ. ಬಸ್ಸಿನಲ್ಲಿ ಚೀಲ ತೂಗುಹಾಕಲು ಯಾರು ಬಿಡುತ್ತಾರೆ? ಬೈಕಾದರೆ ಬೇಕಾದಲ್ಲಿ ನಿಲ್ಲಬಹುದು. ಡಾಕ್ಟರು ಮುಖ ಕಿವುಚಿ ಎರಡು ದಿನಕ್ಕೆ ಒಪ್ಪಿದರು. ಶನಿವಾರ ಹೋಗಿ ಭಾನುವಾರ ಬರುವುದು.

ಎರಡು ದಿನಕ್ಕೆ ಎಂಟು ಚೀಲ. ನಾಲ್ಕು ಚೀಲಕ್ಕೊಂದು ರಟ್ಟಿನ ಡಬ್ಬ. ಒಂದು ಡಬ್ಬ ಎಡಕ್ಕೆ, ಒಂದು ಬಲಕ್ಕೆ. ಇದಕ್ಕಾಗಿ ಓಮಾಯ್ ಹುಡುಕಿ ಹುಡುಕಿ ಒಂದು ಜೋಡಿ ಅಲ್ಯೂಮಿನಿಯಂ ಪೆಟ್ಟಿಗೆ ತಂದಿದ್ದ. ಡಬ್ಬ ಅದರೊಳಗೆ ಕೊರೆದಿಟ್ಟ ಹಾಗೆ ಕೂರುತ್ತಿತ್ತು. ಅದಕ್ಕಿಂತ ತೆಳ್ಳಗಿನ ಯಾವ ಪೆಟ್ಟಿಗೆಗೂ ಹೋಗುತ್ತಿರಲಿಲ್ಲ.

ಕೊಸಿಮ್ ಮೊದಲು ಮಾಡಿದ್ದು ಪೆಟ್ಟಿಗೆಯ ಕೆಲಸವನ್ನಲ್ಲ. ಸೀಟಿನ ಹಿಂದಿನ ಕ್ಯಾರಿಯರ್‌ಗೆ ಮಡಚುವ ಒಂದು ಕಂಬ ಬೆಸೆದ, ತುದಿಯಲ್ಲಿ ಕೊಕ್ಕೆ. ದಾರಿಯಲ್ಲಿ ಗಾಡಿ ನಿಲ್ಲಿಸಿ, ಕಂಬ ಎತ್ತಿ, ಚೀಲ ತೂಗುಹಾಕಿ, ನೆರಳಲ್ಲಿ ಕೂತರೆ ಆಯಿತು. ಇಕಾ ಅದನ್ನು ಎತ್ತಿ ಇಳಿಸಿ, ಎತ್ತಿ ಇಳಿಸಿ ನೋಡಿದಳು.

"ಇದಕ್ಕೊಂದು ಬಾವುಟ ಕಟ್ಟು. ಮಂತ್ರಿ ಹೆಂಡ್ತಿ ಹೊರಟ್ಲು ಅಂತ ಪೊಲೀಸರು ದಾರಿ ಬಿಡ್ಲಿ."

ಗುರುವಾರ ಎಡಗಡೆಯ ಬ್ರಾಕೆಟ್ ಮುಗಿಯಿತು. ಅದರಲ್ಲಿ ಕಷ್ಟವಿರಲಿಲ್ಲ. ಎಡಕ್ಕೆ ಸೈಲೆನ್ಸರ್ ಇಲ್ಲ, ಪೆಟ್ಟಿಗೆಯನ್ನು ಚಾಸಿಗೆ ಎಷ್ಟು ಬೇಕೋ ಅಷ್ಟು ಒತ್ತಿ ಕೂರಿಸಬಹುದು. ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಸಿ ಬಂದು ಬಲಗಡೆಗೆ ಕೈಹಾಕಿದ. ಆಗ ತೊಡಕು ಕಂಡಿತು. ಸೈಲೆನ್ಸರ್‌ಗೂ ಪೆಟ್ಟಿಗೆಗೂ ನಡುವೆ ಎರಡು ಬೆರಳು ಗಾಳಿ ಬಿಡಲೇಬೇಕು, ಇಲ್ಲದಿದ್ದರೆ ಒಳಗಿನ ಚೀಲ ಬೇಯುತ್ತದೆ. ಗಾಳಿ ಬಿಟ್ಟು ಪೆಟ್ಟಿಗೆ ಹಿಡಿದು, ಹಿಂದೆ ದಬ್ಬೆ ಇಟ್ಟ. ಕಚ್ಚು ದೀಪದ ನಡುವಿಗೆ. ಬಲಗಡೆಯ ಪೆಟ್ಟಿಗೆ ದಬ್ಬೆಯ ತುದಿ ದಾಟಿ ಮೂರು ಬೆರಳು ಹೊರಗಿತ್ತು.

ಇನ್ನೊಮ್ಮೆ ಇಟ್ಟ. ಮೂರು ಬೆರಳು.

ಇಕಾ ಒಳಕೋಣೆಯಲ್ಲಿದ್ದಳು. ಅವಳ ಸಲುವಾಗಿಯೇ ಅವನು ಸುಣ್ಣ ಬಳಿದು, ಧೂಳು ಬರದಂತೆ ಗಾಜು ಹಾಕಿಸಿದ್ದ ಕೋಣೆ. ಮೂತಿಗೆ ಬಟ್ಟೆ ಕಟ್ಟಿಕೊಂಡು, ತಲೆಯ ಮೇಲೆ ಚೀಲ ತೂಗುಬಿಟ್ಟುಕೊಂಡು, ಹೊಟ್ಟೆಗೆ ನೀರು ಇಳಿಯುವುದನ್ನು ಕಾಯುತ್ತ ಗಾಜಿನಾಚೆಯಿಂದ ಅವನ ಮುಖವನ್ನೇ ನೋಡುತ್ತಿದ್ದಳು. ಮುಗಿಸಿ, ಕೊಳವೆಯ ಬಾಯಿ ಮುಚ್ಚಿ ಹೊರಗೆ ಬಂದಳು.

"ಏನೋ ಸಿಮ್, ಹೆಣ ಕಂಡವನ ಹಾಗೆ ನಿಂತಿದೀಯ?"

"ಪೆಟ್ಟಿಗೆ ಆಚೆ ಬರ್ತಿದೆ, ತೆತೆ."

"ಎಷ್ಟು?"

ಅವನು ಮೂರು ಬೆರಳು ತೋರಿಸಿದ.

"ಇಷ್ಟಕ್ಕಾ? ಮೂರು ವರ್ಷದಲ್ಲಿ ನಾನು ಹನ್ನೆರಡು ಕಿಲೋ ಇಳಿದಿದೀನಿ. ಆ ಜಾಗ ಉಳೀತಲ್ಲ, ಅದರಲ್ಲಿ ಸೇರಿಸ್ಕೋ."

ಅವನು ನಗಲಿಲ್ಲ. "ರಟ್ಟಿನ ಡಬ್ಬ ತೆಗೆದು ಬರೀ ಚೀಲ ಇಟ್ರೆ? ತೆಳ್ಳಗಿನ ಪೆಟ್ಟಿಗೆ ಒಂದು ಜೋಡಿ ನನ್ನ ಹತ್ರಾನೇ ಇದೆ."

"ನರ್ಸಮ್ಮ ಏನಂದ್ಲು ಗೊತ್ತಾ? ಚೀಲಕ್ಕೆ ಸೂಜಿಮೊನೆಯಷ್ಟು ತೂತಾದ್ರೂ ಹೊಟ್ಟೆ ಒಳಗೇ ಕೊಳೆಯುತ್ತೆ ಅಂದ್ಲು. ಡಬ್ಬದಿಂದ ತೆಗೀಬೇಡಿ ಅಂದ್ಲು."

"ಒಂದು ಡಬ್ಬ ಇವತ್ತೇ ಪಾರ್ಸೆಲ್ ಹಾಕೋಣ. ನಾಳೆ ಸಿಗುತ್ತೆ ಅಲ್ಲಿ."

"ಮೂವತ್ತೊಂದು ವರ್ಷ ಪಾರ್ಸೆಲ್ ಹೊತ್ತ ನನ್ನ ಗಂಡನೇ ಪಾರ್ಸೆಲ್ ನಂಬಲ್ಲ. ನೀನು ನಂಬ್ತೀಯಾ?"

ಎರಡು ಡಬ್ಬವನ್ನೂ ಎಡಕ್ಕೇ ತುರುಕಲು ಜಾಗವಿಲ್ಲ, ಇದ್ದರೂ ಗಾಡಿ ಒಂದೇ ಕಡೆ ಎಳೆಯುತ್ತದೆ. ಹಿಂದೆ ಮೇಲಕ್ಕೆ ಕಟ್ಟಿದರೆ ದಾರಿಯ ಗೆಂತೋಂಗ್ ಏರಿನಲ್ಲಿ ಮುಂದಿನ ಚಕ್ರ ಹಗುರಾಗುತ್ತದೆ. ಸೈಲೆನ್ಸರ್ ಕತ್ತರಿಸಿ ಗಿಡ್ಡ ಮಾಡಬಹುದು, ಅದಕ್ಕೆ ನಾಲ್ಕು ದಿನ ಬೇಕು. ಒಂದೊಂದನ್ನೂ ಅವನು ಹೇಳಿದ. ಒಂದೊಂದನ್ನೂ ಅವಳು ಕೇಳಿದಳು. ಕೊನೆಗೆ ಒಂದು ಪ್ರಶ್ನೆ ಹಾಕಿದಳು.

"ಓಮಾಯ್‌ಗೆ ಹೇಳಿದ್ರೆ?"

"ಬೇಡ ಅಂತಾರೆ."

"ಬೇಡ ಅಂತಾನೆ," ಎಂದಳು ಇಕಾ. "ಮುಂದಿನ ತಿಂಗಳು ನೋಡೋಣ ಅಂತಾನೆ. ಮುಂದಿನ ತಿಂಗಳು ನಾನು ಆ ಯಂತ್ರದ ಪಕ್ಕ ಮಲಗಿರ್ತೀನಿ."

ಅವಳು ಬೈಕಿನ ಹಿಂದೆ ಹೋಗಿ ನಿಂತಳು. ದಬ್ಬೆಯನ್ನು ಅವನ ಕೈಯಿಂದ ತೆಗೆದುಕೊಂಡು ತಾನೇ ಅಡ್ಡ ಹಿಡಿದಳು. ಎಡಕ್ಕೂ ಬಲಕ್ಕೂ ನೋಡಿದಳು. ಎಡಗಡೆಯ ಪೆಟ್ಟಿಗೆ ಚಾಸಿಗೆ ಅಂಟಿಕೊಂಡಿತ್ತು, ದಬ್ಬೆಯ ಆ ತುದಿ ಮೂರು ಬೆರಳು ಖಾಲಿ ಉಳಿದಿತ್ತು. ಅವಳು ದಬ್ಬೆಯನ್ನು ಮೆಲ್ಲಗೆ ಬಲಕ್ಕೆ ಸರಿಸಿದಳು. ಕಚ್ಚು ದೀಪದ ನಡು ಬಿಟ್ಟು ಪಕ್ಕಕ್ಕೆ ಹೋಯಿತು. ಎರಡು ಪೆಟ್ಟಿಗೆಯೂ ದಬ್ಬೆಯ ಒಳಗೆ ಬಂದವು.

"ನೋಡು. ಸರಿಯಾಗೇ ಇದೆಯಲ್ಲೋ."

"ಕಚ್ಚು ಕೂತಿಲ್ಲ, ತೆತೆ."

"ಕಚ್ಚಿನ ಮೇಲೆ ಹೆಬ್ಬೆರಳಿಡು."

ಅವನು ದಬ್ಬೆಯನ್ನು ವಾಪಸು ತೆಗೆದುಕೊಂಡ.

"ಸಿಮ್, ನಾನು ಇಲ್ಲಿವರೆಗೂ ನಿನ್ನ ಹತ್ರ ಏನಾದ್ರೂ ಕೇಳಿದೀನಾ?"

ಕೇಳಿರಲಿಲ್ಲ. ಅವನು ಬಲಗಡೆಯ ಬ್ರಾಕೆಟ್ ಬೆಸೆಯಲು ಕೂತ. ಕೆಲಸದಲ್ಲಿ ಮಾತ್ರ ಮೋಸ ಮಾಡಲಿಲ್ಲ. ಪೆಟ್ಟಿಗೆ ಹೊರಗೆ ಚಾಚಿದಷ್ಟೂ ಭಾರ ಹೆಚ್ಚು ಎಳೆಯುತ್ತದೆ ಎಂದು ದಪ್ಪ ಪೈಪು ಹಾಕಿದ, ಆಧಾರಕ್ಕೆ ಒಂದು ಕಡ್ಡಿ ಸಾಕಾಗುವಲ್ಲಿ ಎರಡು ಕೊಟ್ಟ, ಚಾಸಿಗೆ ಮೂರು ಕಡೆ ಬೋಲ್ಟು ಬಿಗಿದ. ಬೆಸೆದ ಜಾಗವನ್ನು ಸುತ್ತಿಗೆಯಿಂದ ಬಡಿದು ನೋಡಿದ. ಗಂಟೆ ಹೊಡೆದ ಹಾಗೆ ಶಬ್ದ ಬಂತು. ಹದಿನೆಂಟು ವರ್ಷದಲ್ಲಿ ಅಷ್ಟು ಗಟ್ಟಿ ಬ್ರಾಕೆಟ್ ಅವನು ಮಾಡಿರಲಿಲ್ಲ.

ಶನಿವಾರ ಬೆಳಿಗ್ಗೆ ಆರೂವರೆಗೆ ಓಮಾಯ್ ಬಂದ. ಹಳೇ ಅಂಚೆಯ ಜಾಕೆಟ್ಟನ್ನು ಇಸ್ತ್ರಿ ಮಾಡಿ ಹಾಕಿಕೊಂಡಿದ್ದ.

"ಏನಪ್ಪಾ ಕಬ್ಬಿಣದ ಡಾಕ್ಟ್ರೇ, ರೋಗಿ ರೆಡಿನಾ?" ಎಂದ. ಬೈಕಿನ ಸುತ್ತ ಒಂದು ಸುತ್ತು ಬಂದು ಬಲಗಡೆ ನಿಂತ. "ಈ ಕಡೆ ಸ್ವಲ್ಪ ದಪ್ಪ ಕಾಣುತ್ತೆ."

"ಸೈಲೆನ್ಸರ್ ಕಡೆ ಹಾಗೇ ಕಾಣುತ್ತೆ, ಕಾಂಗ್," ಎಂದ ಕೊಸಿಮ್. ಭಾವನನ್ನು ಅವನು ಕಾಂಗ್, ಅಂದರೆ ಅಣ್ಣ, ಎಂದೇ ಕರೆಯುವುದು.

"ದಬ್ಬೆ ಹಿಡಿ ಮತ್ತೆ. ಅದೂ ಒಂದು ಶಾಸ್ತ್ರ ಆಗ್ಲಿ."

ಕೊಸಿಮ್ ದಬ್ಬೆ ತಂದು ಹಿಂದೆ ಬಗ್ಗಿದ. ಎರಡೂ ಕೈಯಲ್ಲಿ ಅಡ್ಡ ಹಿಡಿದು, ಬಲಕ್ಕೆ ಸರಿಸಿ, ಕಚ್ಚಿನ ಮೇಲೆ ಹೆಬ್ಬೆರಳಿಟ್ಟ. ಓಮಾಯ್ ಆ ತುದಿಯಲ್ಲಿ ಬಗ್ಗಿ ನೋಡಿದ, ಈ ತುದಿಯಲ್ಲಿ ಬಗ್ಗಿ ನೋಡಿದ.

"ಕಚ್ಚು ಕೂತಿದೆಯಾ?"

"ಕೂತಿದೆ."

"ಹಾಗಾದ್ರೆ ಇನ್ನೇನು ಬಿಡು," ಎಂದ ಓಮಾಯ್. ಹೆಂಡತಿಯ ಕಡೆ ತಿರುಗಿ, "ಬಾರೇ, ಕಡಲು ಆರಿಹೋಗೋದರೊಳಗೆ ಹೋಗೋಣ."

ಇಕಾ ಮೇಲೇರಿ ಕೂತು, ಎರಡೂ ಬದಿಯ ಪೆಟ್ಟಿಗೆಗಳನ್ನು ಎಮ್ಮೆಯ ಬೆನ್ನು ತಟ್ಟುವ ಹಾಗೆ ತಟ್ಟಿದಳು. ಕೊಸಿಮ್ ಬಾಯಿ ತೆರೆದ. "ಕಾಂಗ್, ಲಾರಿಗಳ ಮಧ್ಯೆ ನುಗ್ಗಬೇಡಿ," ಎಂದ. ಅಷ್ಟನ್ನು ಯಾರಾದರೂ ಹೇಳುತ್ತಾರೆ. ಅಷ್ಟನ್ನು ಎಲ್ಲರೂ ಎಲ್ಲರಿಗೂ ಹೇಳುತ್ತಾರೆ.

"ನನಗಾ ಹೇಳ್ತೀಯ?" ಎಂದು ಓಮಾಯ್ ನಕ್ಕ. "ನೀನು ಚಡ್ಡಿ ಹಾಕ್ಕೊಳ್ಳೋಕೆ ಮುಂಚಿಂದ ನುಗ್ತಾ ಇದೀನಿ."

ಒಂಬತ್ತೂವರೆಗೆ ಫೋನು ಬಂತು. ತೆತೆ ಇಕಾ ಎಂದು ತೋರಿಸುತ್ತಿತ್ತು. ಕೊಸಿಮ್ ಗ್ರೈಂಡರ್ ನಿಲ್ಲಿಸಿ, "ಏನು ತೆತೆ, ಕಡಲು ಬಂತಾ ಆಗ್ಲೇ?" ಎಂದ.

ಆ ಕಡೆ ಗಂಡಸಿನ ದನಿ. ಗೆಂತೋಂಗ್ ಏರಿನಲ್ಲಿ ಟೈರಿಗೆ ಗಾಳಿ ಹಾಕುವವನಂತೆ. ಈ ಫೋನಿನವರು ನಿಮಗೆ ಏನಾಗಬೇಕು ಎಂದು ಕೇಳಿದ. ಅಕ್ಕ ಎಂದ ಕೊಸಿಮ್. ಆ ಮನುಷ್ಯ, ತಾಸಿಕ್‌ಮಲಾಯಾದ ಆಸ್ಪತ್ರೆಗೆ ಬನ್ನಿ, ಒಬ್ಬರೇ ಬರಬೇಡಿ ಎಂದ.

ಏರಿನಲ್ಲಿ ಸಿಮೆಂಟಿನ ಲಾರಿಯೊಂದು ಎಡಕ್ಕೆ ತೆವಳುತ್ತಿತ್ತು. ಅದನ್ನು ಹಿಂದೆ ಹಾಕಲು ಇನ್ನೊಂದು ಲಾರಿ ಬಲಕ್ಕೆ ಬಂದು, ಅದೂ ಏರಲಾರದೆ ಪಕ್ಕದಲ್ಲೇ ತೆವಳುತ್ತಿತ್ತು. ಹಿಂದೆ ಹೊಗೆ. ಇಕಾ ಕೆಮ್ಮುತ್ತಿದ್ದಳು. ಮುಂದೆ ಇದ್ದ ನಾಲ್ಕು ಬೈಕುಗಳು ಒಂದರ ಹಿಂದೊಂದು ನಡುವೆ ನುಗ್ಗಿ ಹೋದವು. ಓಮಾಯ್ ಹ್ಯಾಂಡಲ್ ನೋಡಿದ, ಸಂದು ನೋಡಿದ, ನುಗ್ಗಿದ. ಹ್ಯಾಂಡಲ್ ದಾಟಿತು. ಬಲಗಡೆಯ ಪೆಟ್ಟಿಗೆ ಲಾರಿಯ ಪಕ್ಕದ ಕಬ್ಬಿಣದ ಕೊಂಡಿಗೆ ಸಿಕ್ಕಿತು. ಬೇರೆ ಯಾರಾದರೂ ಮಾಡಿದ ಬ್ರಾಕೆಟ್ ಆಗಿದ್ದರೆ ಅಲ್ಲೇ ಕಿತ್ತು ಬರುತ್ತಿತ್ತು, ಪೆಟ್ಟಿಗೆ ರಸ್ತೆಗೆ ಬೀಳುತ್ತಿತ್ತು, ಗಾಡಿ ಒಂದು ಸಲ ಓಲಾಡಿ ಮುಂದಕ್ಕೆ ಹೋಗುತ್ತಿತ್ತು. ಕೊಸಿಮ್‌ನ ಬ್ರಾಕೆಟ್ ಬಿಡಲಿಲ್ಲ. ಕೊಂಡಿ ಇಡೀ ಬೈಕನ್ನು ಹಿಡಿದು ತಿರುಗಿಸಿ ಎಡಗಡೆಯ ಲಾರಿಯ ಕೆಳಗೆ ಕೆಡವಿತು. ಓಮಾಯ್‌ನ ಎಡಗಾಲು ಹಿಂದಿನ ಚಕ್ರದಡಿ ಹೋಯಿತು. ಇಕಾ ಪೂರ್ತಿ ಹೋದಳು.

ರಸ್ತೆಯೆಲ್ಲ ಒದ್ದೆಯಾಗಿತ್ತು ಎಂದು ಗಾಳಿ ಹಾಕುವವನು ಆಮೇಲೆ ಹೇಳಿದ. ಪೆಟ್ರೋಲು ಎಂದು ಜನ ದೂರ ಸರಿದರಂತೆ. ಒಡೆದ ಚೀಲಗಳ ಔಷಧದ ನೀರು ಅದು.

ಸಂಜೆಯ ನಮಾಜಿಗೆ ಮುಂಚೆ ಇಕಾಳನ್ನು ಉಜುಂಗ್‌ಬೆರುಂಗ್‌ನಲ್ಲಿ ಮಣ್ಣು ಮಾಡಿದರು. ಗುಂಡಿಗೆ ಇಳಿದು ಅವಳ ತಲೆ ಹಿಡಿದವನು ಕೊಸಿಮ್. ಮಗುವಿನಷ್ಟೂ ಭಾರವಿರಲಿಲ್ಲ. ಅದೇ ಹೊತ್ತಿಗೆ ತಾಸಿಕ್‌ಮಲಾಯಾದಲ್ಲಿ ಓಮಾಯ್‌ನ ಕಾಲು ಕತ್ತರಿಸುತ್ತಿದ್ದರು.

ಬೈಕನ್ನು ಪೊಲೀಸರು ಠಾಣೆಯ ಹಿಂದೆ ತಂದು ಹಾಕಿದ್ದರು. ಕೊಸಿಮ್ ಮೂರನೇ ದಿನ ಹೋಗಿ ನೋಡಿದ. ಹ್ಯಾಂಡಲ್ ಮುರುಟಿಹೋಗಿತ್ತು. ಬಲಗಡೆಯ ಪೆಟ್ಟಿಗೆ ಕೈಯಲ್ಲಿ ಹಿಸುಕಿದ ಕಾಗದದ ಹಾಗಿತ್ತು. ಚೀಲ ತೂಗುಹಾಕುವ ಕಂಬ ನೆಟ್ಟಗೆ ಇತ್ತು. ಬ್ರಾಕೆಟ್ಟೂ ನೆಟ್ಟಗೆ ಇತ್ತು.

"ಇದು ಯಾರ ಕೆಲಸ?" ಎಂದು ಪೊಲೀಸಿನವನು ಬ್ರಾಕೆಟ್ಟಿಗೆ ಬೂಟಿನಲ್ಲಿ ಒದ್ದು ಕೇಳಿದ.

"ನಂದು."

"ಒಳ್ಳೆ ಕೆಲಸ ಕಣಯ್ಯಾ. ಲಾರಿಯ ಕೊಂಡಿನೇ ಬಗ್ಗಿದೆ, ಇದು ಬಗ್ಗಿಲ್ಲ. ನನ್ನ ಗಾಡಿಗೂ ಒಂದು ಮಾಡ್ಕೊಡು." ಸವಾರನ ಅಜಾಗರೂಕತೆ ಎಂದು ಅವನು ಬರೆದುಕೊಂಡಿದ್ದ. ಓಮಾಯ್ ಆಸ್ಪತ್ರೆಯ ಹಾಸಿಗೆಯಲ್ಲೇ ಅದಕ್ಕೆ ಸಹಿ ಹಾಕಿದ್ದ.

ಆ ತಿಂಗಳು ಕೊಸಿಮ್‌ನ ಅಂಗಡಿಗೆ ಹಿಂದೆಂದೂ ಬರದಷ್ಟು ಬೈಕುಗಳು ಬಂದವು. ಮುರಿಯದ ಬ್ರಾಕೆಟ್ಟಿನ ಮಾತು ಕ್ಲಬ್ಬಿನಿಂದ ಕ್ಲಬ್ಬಿಗೆ ಹಬ್ಬಿತ್ತು. ಅವನು ಬಾಗಿಲು ಅರ್ಧ ಎಳೆದುಕೊಂಡು, ಮೈ ಸರಿಯಿಲ್ಲ ಎಂದು ಎಲ್ಲರನ್ನೂ ವಾಪಸು ಕಳಿಸಿದ. 'ಆಗಲ್ಲ' ಎಂದು ಹೇಳುವುದು ಅಷ್ಟು ಸುಲಭವೆಂದು ಅವನಿಗೆ ಆಗ ಗೊತ್ತಾಯಿತು. ಒಳಕೋಣೆಯ ಗಾಜಿನಾಚೆ ಖಾಲಿ ಕೊಕ್ಕೆ ನೇತಾಡುತ್ತಿತ್ತು. ಓಮಾಯ್‌ನ ಬೈಕಿನ ದಬ್ಬೆಯನ್ನು ಅವನು ಗೋಡೆಗೆ ಹಾಕಿರಲಿಲ್ಲ. ಪೈಪುಗಳ ರಾಶಿಯ ಹಿಂದೆ ತುರುಕಿದ್ದ. ಎರಡು ಸಲ ಒಲೆಗೆ ಹಾಕಲು ತೆಗೆದ, ಎರಡು ಸಲವೂ ವಾಪಸು ಇಟ್ಟ.

ಹೇಳಿಬಿಡಬೇಕು ಎಂದು ದಿನಾ ಅಂದುಕೊಂಡ. ಹೇಳಿದರೆ ದಬ್ಬೆ ಸರಿಸಿದ್ದು ಇಕಾ ಎಂಬುದನ್ನೂ ಹೇಳಬೇಕಾಗುತ್ತದೆ. ಸತ್ತವಳ ಮೇಲೆ ಗಂಡನ ಮುಂದೆ ದೂರು ಹೇಳುವುದೇ? ಹೀಗೆ ಕೇಳಿಕೊಂಡು ಸುಮ್ಮನಾಗುತ್ತಿದ್ದ. ಅದು ನೆವ ಎಂದು ಅವನಿಗೆ ತಿಳಿದಿತ್ತು. ಅವಳ ಹೆಸರು ತೆಗೆಯದೆಯೂ ಹೇಳಬಹುದಿತ್ತು. ಹೆಬ್ಬೆರಳು ಅವನದೇ.

ನಲವತ್ತನೇ ದಿನ ಓಮಾಯ್ ಅವನನ್ನು ಕರೆಸಿದ. ಮಧ್ಯಾಹ್ನದ ನಮಾಜಾದ ಮೇಲೆ ನೆರೆಯವರು ಪ್ರಾರ್ಥನೆಗೆ ಸೇರುವವರಿದ್ದರು. ಹೆಂಗಸರು ಹಿತ್ತಲಲ್ಲಿ ಅನ್ನ, ಕೋಳಿ, ಕರಿದ ತೋಫುವನ್ನು ಬುಟ್ಟಿಗಳಿಗೆ ತುಂಬುತ್ತಿದ್ದರು. ಓಮಾಯ್ ಗೋಡೆಗೆ ಒರಗಿ ಚಾಪೆಯ ಮೇಲೆ ಕೂತಿದ್ದ. ಲುಂಗಿಯ ಎಡಭಾಗ ಮಂಡಿಯಿಂದ ಕೆಳಗೆ ಚಪ್ಪಟೆಯಾಗಿ ಬಿದ್ದಿತ್ತು.

"ತಂದ್ಯಾ?" ಎಂದ.

ದಬ್ಬೆ ತಾ ಎಂದು ಅವನೇ ಹೇಳಿಕಳಿಸಿದ್ದ. ಕೊಸಿಮ್ ಕೊಟ್ಟ. ಓಮಾಯ್ ಅದನ್ನು ತೊಡೆಯ ಮೇಲಿಟ್ಟು ನಂಬರು ಓದಿದ. ಆಮೇಲೆ ಎರಡು ತುದಿಗಳನ್ನೂ ಎರಡು ಮುಷ್ಟಿಯಲ್ಲಿ ಹಿಡಿದು ಎದೆಯ ಮುಂದೆ ಚಾಚಿದ. ಬೈಕಿನ ಮೇಲೆ ಕೂತವನ ಹಾಗೆ. ಕಣ್ಣು ಮುಚ್ಚಿದ.

"ಇಲ್ಲಿ ಸಿಮೆಂಟ್ ಲಾರಿ," ಎಂದು ಎಡಕ್ಕೆ ಗಲ್ಲ ಎತ್ತಿದ. "ಇಲ್ಲಿ ಇನ್ನೊಂದು. ನಲವತ್ತು ದಿನದಿಂದ ಇದನ್ನೇ ನೋಡ್ತಿದೀನಿ ಕಣೋ. ಜಾಗ ಇತ್ತು. ಈ ಕಡೆ ಎರಡು ಬೆರಳು, ಆ ಕಡೆ ಎರಡು ಬೆರಳು. ಆಣೆ ಮಾಡಿ ಹೇಳ್ತೀನಿ, ಎರಡೆರಡು ಬೆರಳು ಇತ್ತು. ಇದಕ್ಕಿಂತ ಸಣ್ಣ ಸಂದಿನಲ್ಲಿ ಅರ್ಧ ಆಯಸ್ಸು ಹೋಗಿ ಬಂದಿದೀನಿ."

ಎರಡು ಬೆರಳು. ಪೆಟ್ಟಿಗೆ ಹೊರಗಿದ್ದದ್ದು ಮೂರು. ಕೊಸಿಮ್ ತನ್ನ ಬಲಗೈ ನೋಡಿಕೊಂಡ. ವ್ಯತ್ಯಾಸ ಒಂದು ಬೆರಳು. ಡಬ್ಬದ ರಟ್ಟನ್ನು ಎರಡು ಮಗ್ಗುಲೂ ಸುಲಿದಿದ್ದರೆ ಪೆಟ್ಟಿಗೆಯನ್ನು ತಟ್ಟಿ ಒಂದು ಬೆರಳು ಒಳಗೆ ತರಬಹುದಿತ್ತೋ ಏನೋ. ಆ ದಿನ ಅದು ಹೊಳೆದಿರಲಿಲ್ಲ.

"ಕಾಂಗ್," ಎಂದ.

"ಹೂಂ?"

ಹಿತ್ತಲಿನಿಂದ ತೋಫು ಕರಿಯುವ ವಾಸನೆ ಬರುತ್ತಿತ್ತು.

"ಏನಿಲ್ಲ."

ಓಮಾಯ್ ಕಣ್ಣು ತೆರೆದು, ದಬ್ಬೆಯ ಮಧ್ಯದ ಕಚ್ಚಿನ ಮೇಲೆ ಉಗುರು ಆಡಿಸಿದ. "ಒಂದೇ ಒಂದು ಕೇಳ್ತೀನಿ. ನೀನು ನನ್ನ ಮನಸ್ಸು ಉಳಿಸೋಕೆ ಅಂತ ಏನೇನೋ ಹೇಳಬೇಡ. ಇದು ದೀಪದ ನಡುವೆ ಕೂತಿತ್ತು ಅಲ್ವಾ?"

ಕೇಳುವಾಗ ಅವನ ಮುಖದಲ್ಲಿ ಒಂದು ಆಸೆ ಇತ್ತು. ಇಲ್ಲ ಎಂಬ ಉತ್ತರ ಬರಲಿ ಎಂಬ ಆಸೆ. ಕೊಸಿಮ್‌ಗೆ ಅದು ಸ್ಪಷ್ಟವಾಗಿ ಕಂಡಿತು. ಒಂದು ಮಾತು ಹೇಳಿದರೆ ಈ ಮನುಷ್ಯ ಮಿಕ್ಕ ಆಯುಷ್ಯ ನಿದ್ದೆ ಮಾಡಬಲ್ಲ.

"ಕೂತಿತ್ತು, ಕಾಂಗ್."

"ನಾನೂ ನೋಡಿದ್ನಲ್ಲ," ಎಂದ ಓಮಾಯ್ ಮೆಲ್ಲಗೆ. "ನೀನು ಹಿಡಿದಿದ್ದೆ, ನಾನೇ ಬಗ್ಗಿ ನೋಡಿದೆ. ಸರಿ. ಹಾಗಾದ್ರೆ ನನ್ನ ಕೈಯೇ ಅಲುಗಿರಬೇಕು. ನಾನೇ ಕೊಂದೆ ಅವಳನ್ನ."

ಕೊಸಿಮ್ ಚಾಪೆಯ ಅಂಚನ್ನು ನೋಡುತ್ತಿದ್ದ.

"ಇದು ನನ್ನ ಹತ್ರ ಇರ್ಲಿ," ಎಂದು ಓಮಾಯ್ ದಬ್ಬೆಯನ್ನು ಪಕ್ಕದಲ್ಲಿ, ಕಾಲಿಲ್ಲದ ಕಡೆ, ಇಟ್ಟುಕೊಂಡ. "ಬೇರೆ ಯಾರಾದ್ರೂ ಕೊಸಿಮ್‌ನ ಪೆಟ್ಟಿಗೆಯಿಂದ ಆಯ್ತು ಅಂದ್ರೆ ತೋರಿಸ್ತೀನಿ."

ನೆರೆಯವರು ಚಪ್ಪಲಿ ಬಿಟ್ಟು ಒಳಗೆ ಬರತೊಡಗಿದರು. ಕೊಸಿಮ್ ಎದ್ದು ಅವರಿಗೆ ಜಾಗ ಮಾಡಿಕೊಟ್ಟ, ಚಾಪೆ ಹಾಸಿದ, ಎಲ್ಲರ ಜೊತೆ ಕೂತು ಪ್ರಾರ್ಥನೆ ಹೇಳಿದ, ಬುಟ್ಟಿ ಹಿಡಿದು ಮನೆಗೆ ಬಂದ.

ಹೋದದ್ದು ಇಷ್ಟು. ಇಕಾ, ಐವತ್ತೆರಡು ವರ್ಷ. ಓಮಾಯ್‌ನ ಎಡಗಾಲು, ಮಂಡಿಯಿಂದ ಕೆಳಗೆ. ಒಂದು ಬೈಕು. ಎರಡರಲ್ಲಿ ಒಂದು ಪೆಟ್ಟಿಗೆ. ಎಂಟು ಚೀಲ ಔಷಧದ ನೀರಿನಲ್ಲಿ ಮೂರು, ಮಿಕ್ಕ ಐದನ್ನು ಆಸ್ಪತ್ರೆಯವರು ವಾಪಸು ತೆಗೆದುಕೊಂಡರು. ನೂರ ನಲವತ್ತಮೂರು ದಬ್ಬೆಗಳಲ್ಲಿ ಒಂದು.